ಈಯುವ ಹಸುವಿಗೆ ನೋವಿನ ಇಂಜೆಕ್ಷನ್: ಎಚ್ಚರಿಕೆ ಏಕೆ ಬೇಕು?

(ಹಾಲು ಉತ್ಪಾದಕರ ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ನಮ್ಮ ಆಡುಮಾತಿನಲ್ಲಿ ನೋವಿಗೂ ಹೆರಿಗೆಗೂ ಒಂದೇ ಪದ ಇದೆ. ‘ಬೇನೆ’ ಎಂದರೆ ಕಾಯಿಲೆಯ ನೋವು. ‘ಹಸುವಿಗೆ ಬೇನೆ ಬಂದಿದೆ’ ಎಂದರೆ ಅದು ಈಯಲು ಹೊರಟಿದೆ ಎಂದರ್ಥ. ಕೆಚ್ಚಲು ಬಾವಿನ ನೋವು, ಕಾಲು ಉಳುಕಿದ ನೋವು ದನಕ್ಕೆ ತೊಂದರೆ ಕೊಡುವ ನೋವುಗಳು. ಅವನ್ನು ಕಡಿಮೆ ಮಾಡುವುದು ನಮ್ಮ ಕರ್ತವ್ಯ. ಹೆರಿಗೆ ಬೇನೆಯಾದರೋ ಕೆಲಸ ಮಾಡುವ ನೋವು. ಗರ್ಭಕೋಶ ತನ್ನನ್ನು ತಾನೇ ಹಿಂಡಿಕೊಂಡು ಕರುವನ್ನು ಹೊರಕ್ಕೆ ತಳ್ಳುವಾಗ ಉಂಟಾಗುವ ನೋವು ಅದು. ಅದನ್ನು ನಿಲ್ಲಿಸಲು ಹೋದರೆ ಕೆಲಸವೂ ನಿಂತೀತು.

ಈ ಮಾತನ್ನು ಇಂದು ಹೇಳಬೇಕಾಗಿರುವುದಕ್ಕೆ ಕಾರಣವಿದೆ. ಈಗ ಹಳ್ಳಿಹಳ್ಳಿಯಲ್ಲೂ ನೋವು ಮತ್ತು ಜ್ವರದ ಇಂಜೆಕ್ಷನ್‌ಗಳು ಸುಲಭವಾಗಿ ಸಿಗುತ್ತವೆ. ಹಸು ನರಳುವುದನ್ನು ನೋಡಲಾರದೆ, ಅಥವಾ ‘ಹೇಗೂ ಒಂದು ಸೂಜಿ ಹಾಕಿಸಿದರೆ ಒಳ್ಳೆಯದು’ ಎಂಬ ನಂಬಿಕೆಯಿಂದ, ಈಯುವ ದಿನವೇ ನೋವಿನ ಮದ್ದು ಕೊಡಿಸುವವರಿದ್ದಾರೆ. ಉದ್ದೇಶ ಕರುಣೆಯದು. ಆದರೆ ಹೊತ್ತು ತಪ್ಪಿದರೆ ಕರು ಸಾಯಬಹುದು, ಕಸ ಬೀಳದೆ ಉಳಿಯಬಹುದು, ಒಂದು ಸೂಲಿನ ಹಾಲೇ ಕೈತಪ್ಪಬಹುದು. ಇದು ಹೇಗೆ ಆಗುತ್ತದೆ, ನೋವಿನ ಮದ್ದನ್ನು ಯಾವಾಗ ಕೊಡಿಸಬೇಕು, ಯಾವಾಗ ಕೊಡಿಸಬಾರದು ಎಂಬುದನ್ನು ವಿವರಿಸುತ್ತೇನೆ.

ಹೆರಿಗೆ ಹೇಗೆ ಆರಂಭವಾಗುತ್ತದೆ?

ಹಸು ಸುಮಾರು 280 ದಿನ, ಎಮ್ಮೆ ಸುಮಾರು 310 ದಿನ ಗಬ್ಬ ಹೊರುತ್ತದೆ. ಇಷ್ಟು ದಿನವೂ ಗರ್ಭಕೋಶದ ಸ್ನಾಯು ಸುಮ್ಮನಿರಬೇಕು. ಅದನ್ನು ಸುಮ್ಮನಿರಿಸುವುದು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು. ದಿನ ತುಂಬಿದಾಗ ಮೊದಲ ಸೂಚನೆ ಬರುವುದು ತಾಯಿಯಿಂದಲ್ಲ, ಹೊಟ್ಟೆಯೊಳಗಿನ ಕರುವಿನಿಂದ. ಬೆಳೆದ ಕರುವಿನ ದೇಹದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ಹೆಚ್ಚುತ್ತದೆ. ಅದರ ಪರಿಣಾಮವಾಗಿ ಪ್ರೊಜೆಸ್ಟೆರಾನ್ ಇಳಿದು, ಈಸ್ಟ್ರೋಜೆನ್ ಏರುತ್ತದೆ. ಆಗ ಗರ್ಭಕೋಶವೇ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ಧಾರಾಳವಾಗಿ ತಯಾರಿಸತೊಡಗುತ್ತದೆ.

ಈ ಪ್ರೊಸ್ಟಾಗ್ಲಾಂಡಿನ್‌ಗಳು ಮೂರು ಕೆಲಸ ಮಾಡುತ್ತವೆ. ಗಬ್ಬವನ್ನು ಕಾಪಾಡುತ್ತಿದ್ದ ಅಂಡಾಶಯದ ಹಳದಿ ಗಂಟನ್ನು ಕರಗಿಸುತ್ತವೆ. ಗರ್ಭಕೋಶದ ಬಾಯಿ ಮೆತ್ತಗಾಗಿ ತೆರೆಯಲು ನೆರವಾಗುತ್ತವೆ. ಗರ್ಭಕೋಶದ ಸ್ನಾಯುವನ್ನು ಬಲವಾಗಿ ಸಂಕುಚಿಸುವಂತೆ ಮಾಡುತ್ತವೆ. ಕರು ಕೆಳಗಿಳಿದು ಗರ್ಭಕೋಶದ ಬಾಯಿಯನ್ನೂ ಯೋನಿಮಾರ್ಗವನ್ನೂ ಒತ್ತಿದಾಗ ಮೆದುಳಿನಿಂದ ಆಕ್ಸಿಟೋಸಿನ್ ಬಿಡುಗಡೆಯಾಗುತ್ತದೆ. ಆಕ್ಸಿಟೋಸಿನ್ ಸ್ನಾಯುವನ್ನು ಮತ್ತಷ್ಟು ಹಿಂಡಿಸುತ್ತದೆ, ಜೊತೆಗೆ ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನೂ ಹೆಚ್ಚಿಸುತ್ತದೆ. ಎರಡು ಎತ್ತುಗಳು ಒಂದೇ ನೊಗಕ್ಕೆ ಕೊರಳು ಕೊಟ್ಟಂತೆ ಇವೆರಡೂ ಸೇರಿ ಕರುವನ್ನು ಹೊರತರುತ್ತವೆ.

ಕರು ಹೊರಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಹಸುವಿನ ಕಸ, ಅಂದರೆ ಮಾಸು, ಒಂದೇ ಕಡೆ ಅಂಟಿಕೊಂಡಿರುವುದಿಲ್ಲ. ಸುಮಾರು ನೂರು ಗುಂಡಿಗಳಂಥ ಜಾಗಗಳಲ್ಲಿ ಅದು ಗರ್ಭಕೋಶದ ಒಳಗೋಡೆಗೆ ಬೆಸೆದುಕೊಂಡಿರುತ್ತದೆ. ಈ ಬೆಸುಗೆ ಬಿಡುವುದಕ್ಕೆ ರಕ್ತದ ಬಿಳಿಕಣಗಳ ಚಟುವಟಿಕೆ ಬೇಕು, ಬಿಟ್ಟ ಕಸ ಹೊರಬೀಳುವುದಕ್ಕೆ ಗರ್ಭಕೋಶ ಹಿಂಡುತ್ತಲೇ ಇರಬೇಕು. ಸಾಮಾನ್ಯವಾಗಿ ಕರು ಹಾಕಿದ 3ರಿಂದ 8 ಗಂಟೆಯೊಳಗೆ ಕಸ ಬೀಳುತ್ತದೆ. 12 ಗಂಟೆ ಮೀರಿದರೆ ಅದನ್ನು ಕಸ ಉಳಿದ ಪ್ರಕರಣ ಎಂದೇ ಪರಿಗಣಿಸುವುದು ವಾಡಿಕೆ.

ನೋವಿನ ಮದ್ದಿಗೂ ಇದಕ್ಕೂ ಏನು ಸಂಬಂಧ?

ಪ್ರೊಸ್ಟಾಗ್ಲಾಂಡಿನ್‌ನ ಕಥೆ ಗರ್ಭಕೋಶದಿಂದಲೇ ಶುರುವಾಯಿತು. 1930ರಲ್ಲಿ ನ್ಯೂಯಾರ್ಕಿನ ಕರ್ಜ್‌ರಾಕ್ ಮತ್ತು ಲೀಬ್ ಎಂಬ ವಿಜ್ಞಾನಿಗಳು, ವೀರ್ಯ ತಗುಲಿದಾಗ ಗರ್ಭಕೋಶದ ಸ್ನಾಯುವಿನ ತುಂಡುಗಳು ಕೆಲವೊಮ್ಮೆ ಸಂಕುಚಿಸುವುದನ್ನೂ ಕೆಲವೊಮ್ಮೆ ಸಡಿಲವಾಗುವುದನ್ನೂ ಗಮನಿಸಿದರು. ಸ್ವೀಡನ್ನಿನ ವಾನ್ ಆಯ್ಲರ್ ಅವರು ಈ ವಸ್ತು ಪ್ರೋಸ್ಟೇಟ್ ಗ್ರಂಥಿಯಿಂದ ಬರುತ್ತದೆಂದು ಭಾವಿಸಿ 1935ರಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂದು ಹೆಸರಿಟ್ಟರು. ಅದು ದೇಹದ ಬಹುತೇಕ ಎಲ್ಲ ಭಾಗಗಳಲ್ಲೂ ತಯಾರಾಗುತ್ತದೆ ಎಂಬುದು ಆಮೇಲೆ ತಿಳಿಯಿತು. 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಅವರು ಆಸ್ಪಿರಿನ್‌ನಂಥ ಮದ್ದುಗಳು ನೋವು ಮತ್ತು ಬಾವು ತಗ್ಗಿಸುವುದು ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆಯುವುದರಿಂದ ಎಂದು ತೋರಿಸಿದರು. ಈ ವಿಷಯದ ಸಂಶೋಧನೆಗಾಗಿ ಅವರಿಗೂ, ಸ್ವೀಡನ್ನಿನ ಬರ್ಗ್‌ಸ್ಟ್ರಾಮ್ ಮತ್ತು ಸ್ಯಾಮುಯೆಲ್ಸನ್ ಅವರಿಗೂ 1982ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇಲ್ಲಿಯೇ ವಿಷಯದ ಗುಟ್ಟಿದೆ. ಕೆಚ್ಚಲು ಬಾತಾಗ ಉರಿ, ಕೆಂಪು, ನೋವು ಉಂಟುಮಾಡುವ ವಸ್ತುವೂ ಪ್ರೊಸ್ಟಾಗ್ಲಾಂಡಿನ್ ಜಾತಿಯದೇ, ಹೆರಿಗೆಯಲ್ಲಿ ಗರ್ಭಕೋಶವನ್ನು ಹಿಂಡಿಸುವ ವಸ್ತುವೂ ಅದೇ ಜಾತಿಯದು. ಇವೆಲ್ಲವೂ ದೇಹದಲ್ಲಿ ಸೈಕ್ಲೋ ಆಕ್ಸಿಜನೇಸ್ ಎಂಬ ಒಂದು ಕಿಣ್ವದ ಮೂಲಕ ತಯಾರಾಗುತ್ತವೆ. ಫ್ಲುನಿಕ್ಸಿನ್, ಮೆಲಾಕ್ಸಿಕಾಂ, ಆಸ್ಪಿರಿನ್, ಡೈಕ್ಲೋಫೆನಾಕ್ ಮುಂತಾದ ಉರಿಯೂತ ಶಮನಕಾರಿ ಮದ್ದುಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಕೆರೆಯ ತೂಬು ಮುಚ್ಚಿದರೆ ಕಳೆ ಇರುವ ಗದ್ದೆಗೆ ಮಾತ್ರ ನೀರು ನಿಲ್ಲುವುದಿಲ್ಲ, ಪೈರಿನ ಗದ್ದೆಗೂ ನಿಲ್ಲುತ್ತದೆ. ಮದ್ದಿಗೆ ಕೆಚ್ಚಲು ಯಾವುದು, ಗರ್ಭಕೋಶ ಯಾವುದು ಎಂಬ ಭೇದ ಗೊತ್ತಿಲ್ಲ.

ನಿಮ್ಮಲ್ಲಿ ಅನೇಕರಿಗೆ ಪ್ರೊಸ್ಟಾಗ್ಲಾಂಡಿನ್ ಬೇರೊಂದು ರೂಪದಲ್ಲಿ ಪರಿಚಿತ. ಬೆದೆಗೆ ಬಾರದ ಹಸುವಿಗೆ ಪಶುವೈದ್ಯರು ಪರೀಕ್ಷಿಸಿ ಕೊಡುವ ಬೆದೆಯ ಇಂಜೆಕ್ಷನ್‌ಗಳಲ್ಲಿ ಒಂದು ಬಗೆಯದು ಇದೇ. ಗಬ್ಬದ ಹಸುವಿಗೆ ಅದನ್ನು ತಪ್ಪಿ ಕೊಟ್ಟರೆ ಕಂದು ಹಾಕುತ್ತದೆ ಎಂಬುದೂ ನಿಮಗೆ ಗೊತ್ತು. ಹೊರಗಿನಿಂದ ಕೊಟ್ಟ ಪ್ರೊಸ್ಟಾಗ್ಲಾಂಡಿನ್‌ಗೆ ಅಷ್ಟು ಶಕ್ತಿಯಿದ್ದರೆ, ದಿನ ತುಂಬಿದಾಗ ದೇಹವೇ ತಯಾರಿಸುವ ಪ್ರೊಸ್ಟಾಗ್ಲಾಂಡಿನ್ ಅನ್ನು ತಡೆಯುವುದರ ಪರಿಣಾಮವೂ ಅಷ್ಟೇ ಗಂಭೀರವಾಗಿರಬಹುದೆಂದು ಊಹಿಸಬಹುದು.

ಪರೀಕ್ಷೆಗಳು ಏನು ಹೇಳುತ್ತವೆ?

ಇದು ಬರೀ ಊಹೆಯಾಗಿ ಉಳಿದಿಲ್ಲ. ಕೆನಡಾದ ಸಂಶೋಧಕರು ಹಾಲಿನ ಹಸುಗಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಈಯುವ ಮುಂಚೆ ಫ್ಲುನಿಕ್ಸಿನ್ ಕೊಟ್ಟ ಹಸುಗಳಲ್ಲಿ ಸತ್ತ ಕರು ಹುಟ್ಟುವ ಸಂಭವ ಹೆಚ್ಚಾಗಿತ್ತು. ಕರು ಹಾಕಿದ ಕೂಡಲೇ ಕೊಟ್ಟ ಹಸುಗಳಲ್ಲಿ ಕಸ ಉಳಿಯುವ ಸಂಭವ ಹೆಚ್ಚಾಗಿತ್ತು. ಶಸ್ತ್ರಚಿಕಿತ್ಸೆಯಿಂದ ಕರು ತೆಗೆದ ಹಸುಗಳ ಮೇಲೆ ಅದಕ್ಕೂ ಮೊದಲೇ ನಡೆದಿದ್ದ ಅಧ್ಯಯನದಲ್ಲಿಯೂ ಫ್ಲುನಿಕ್ಸಿನ್ ಕೊಟ್ಟವುಗಳಲ್ಲಿ ಕಸ ಉಳಿಯುವುದು ಜಾಸ್ತಿ ಎಂದು ಕಂಡುಬಂದಿತ್ತು.

ಹಾಗೆಂದು ಎಲ್ಲ ಮದ್ದುಗಳೂ ಒಂದೇ ಪ್ರಮಾಣದಲ್ಲಿ ಈ ತೊಂದರೆ ಕೊಡುತ್ತವೆ ಎನ್ನುವಂತಿಲ್ಲ. ಸೈಕ್ಲೋ ಆಕ್ಸಿಜನೇಸ್ ಕಿಣ್ವದಲ್ಲಿ ಎರಡು ಮುಖ್ಯ ಬಗೆಗಳಿವೆ. ಕೆಲವು ಮದ್ದುಗಳು ಎರಡನ್ನೂ ಸಮನಾಗಿ ತಡೆಯುತ್ತವೆ. ಮೆಲಾಕ್ಸಿಕಾಂ ಎರಡನೆಯ ಬಗೆಯನ್ನು ಹೆಚ್ಚಾಗಿ ತಡೆಯುತ್ತದೆ. ಸಹಾಯದಿಂದ ಕರು ಹಾಕಿದ ಹಸುಗಳಿಗೆ ಸುಮಾರು ಒಂದು ದಿನ ಬಿಟ್ಟು ಮೆಲಾಕ್ಸಿಕಾಂ ಕೊಟ್ಟ ಪರೀಕ್ಷೆಯಲ್ಲಿ ಕಸ ಉಳಿಯುವುದು ಹೆಚ್ಚಾಗಲಿಲ್ಲ. ಆದ್ದರಿಂದ ನೋವಿನ ಮದ್ದೇ ಕೆಟ್ಟದ್ದು ಎಂದು ತಿಳಿಯಬೇಡಿ. ಯಾವ ಮದ್ದು, ಯಾವ ಹೊತ್ತಿನಲ್ಲಿ ಎಂಬ ಎರಡು ಪ್ರಶ್ನೆಗಳೇ ಇಲ್ಲಿ ಮುಖ್ಯ.

ಹೊತ್ತಿನ ವಿಷಯದಲ್ಲಿ ಇನ್ನೊಂದು ಸಂಗತಿ ನೆನಪಿಡಬೇಕು. ಮದ್ದು ಕೊಟ್ಟ ಕೂಡಲೇ ಕೆಲಸ ಮಾಡಿ ಮಾಯವಾಗುವುದಿಲ್ಲ. ದನದ ರಕ್ತದಲ್ಲಿ ಮೆಲಾಕ್ಸಿಕಾಂ ಅರ್ಧಕ್ಕೆ ಇಳಿಯಲು ಸುಮಾರು ಒಂದು ದಿನ ಹಿಡಿಯುತ್ತದೆ. ಇಂದು ಸಂಜೆ ಕುಂಟು ಕಾಲಿಗೆಂದು ಕೊಟ್ಟ ಮದ್ದು ನಾಳೆ ಬೆಳಗ್ಗೆ ಬೇನೆ ಬಂದಾಗಲೂ ಮೈಯಲ್ಲಿರುತ್ತದೆ.

ಬೇನೆ ಕುಂದಿದರೆ ಆಗುವ ನಷ್ಟ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎರಡನೇ ಸೂಲಿನ ಮಿಶ್ರತಳಿ ಹಸು. ದಿನಕ್ಕೆ 12 ಲೀಟರ್ ಹಾಲಿನ ನಿರೀಕ್ಷೆ. ಬೇನೆ ಬಂದು ನರಳುತ್ತಿದೆಯೆಂದು ನೋವಿನ ಇಂಜೆಕ್ಷನ್ ಹಾಕಿಸಿದರು. ಹಸು ಸಮಾಧಾನವಾಗಿ ಮಲಗಿತು, ಮನೆಯವರಿಗೂ ಸಮಾಧಾನವಾಯಿತು. ಆದರೆ ಗರ್ಭಕೋಶದ ಹಿಡಿತ ಸಡಿಲವಾಗಿ ಕರು ಹೆರಿಗೆಮಾರ್ಗದಲ್ಲೇ ತಡವಾದರೆ ಹೊಕ್ಕುಳ ಬಳ್ಳಿ ಒತ್ತಿಹೋಗಿ ಅದಕ್ಕೆ ಉಸಿರುಗಟ್ಟುತ್ತದೆ. ಬದುಕಿ ಬಂದರೂ ಅಶಕ್ತವಾಗಿದ್ದು ಗಿಣ್ಣು ಹಾಲು ಕುಡಿಯಲು ಏಳುವುದಿಲ್ಲ.

ನಂತರ ಕಸದ ಸರದಿ. ಕಸ ಒಳಗೇ ಕೊಳೆತರೆ ಗರ್ಭಕೋಶಕ್ಕೆ ನಂಜು ಹತ್ತುತ್ತದೆ. ಜ್ವರ ಬಂದು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಮರಳುವುದು ತಡವಾಗುತ್ತದೆ. ಬೆದೆ ತಡವಾಗಿ ಬರುತ್ತದೆ. ಬಂದರೂ ಗಬ್ಬ ನಿಲ್ಲುವುದಿಲ್ಲ. ಒಂದು ಬೆದೆ ತಪ್ಪಿದರೆ 21 ದಿನ, ಮೂರು ತಪ್ಪಿದರೆ ಎರಡು ತಿಂಗಳ ಮೇಲೆ. ಅಷ್ಟು ದಿನವೂ ಹಿಂಡಿ, ಹಸಿಮೇವು, ಕೂಲಿ ಖರ್ಚು ನಡೆದೇ ಇರುತ್ತದೆ.

ನೋವಿನ ಮದ್ದನ್ನು ಯಾವಾಗ ಕೊಡಿಸಬೇಕು?

ದನಕ್ಕೂ ನೋವಿದೆ, ಅದನ್ನು ಶಮನ ಮಾಡುವುದು ದಯೆಯ ಮಾತಷ್ಟೇ ಅಲ್ಲ, ಲಾಭದ ಮಾತೂ ಹೌದು. ನೋವಿನಿಂದ ಮೇವು ಬಿಟ್ಟ ಹಸು ಹಾಲು ಕೊಡದು. ಕಷ್ಟದ ಹೆರಿಗೆಯಾಗಿ ಕರುವನ್ನು ಎಳೆದು ತೆಗೆದಾಗ, ಮಾರ್ಗ ಹರಿದಾಗ, ಶಸ್ತ್ರಚಿಕಿತ್ಸೆಯಾದಾಗ, ತೀವ್ರ ಕೆಚ್ಚಲು ಬಾವಿನಲ್ಲಿ ಇಂಥ ಮದ್ದು ಅಗತ್ಯ. ಪಾಲಿಸಬೇಕಾದ ಕ್ರಮ ಹೀಗಿದೆ:

1. ಬೇನೆ ಆರಂಭವಾದ ಮೇಲೆ, ಪಶುವೈದ್ಯರು ಪರೀಕ್ಷಿಸಿ ಹೇಳದ ಹೊರತು, ನೋವಿನ ಇಂಜೆಕ್ಷನ್ ಅಥವಾ ಗುಳಿಗೆ ಕೊಡಬಾರದು.

2. ಸಹಜವಾಗಿ ಕರು ಹಾಕಿದ ಹಸುವಿಗೆ ನೋವಿನ ಮದ್ದಿನ ಅಗತ್ಯವೇ ಇಲ್ಲ. ಬೆಚ್ಚಗಿನ ನೀರು, ಒಳ್ಳೆಯ ಮೇವು, ಒಣ ಹಾಸು ಸಾಕು. ಕರುವನ್ನು ನೆಕ್ಕಲು ಬಿಡಿ. ಕರು ಮೊಲೆ ಚೀಪಿದಾಗ ಆಕ್ಸಿಟೋಸಿನ್ ಸಹಜವಾಗಿಯೇ ಬಿಡುಗಡೆಯಾಗುತ್ತದೆ.

3. ಕಷ್ಟದ ಹೆರಿಗೆಯಾಗಿದ್ದರೆ ಕಸ ಬಿದ್ದ ಮೇಲೆ ಮದ್ದು ಕೊಡಿಸುವುದು ಉತ್ತಮ. ಅದಕ್ಕೂ ಮೊದಲೇ ಕೊಡುವ ಅಗತ್ಯವುಂಟೇ ಎಂಬುದನ್ನು ಪಶುವೈದ್ಯರೇ ನಿರ್ಧರಿಸಬೇಕು. ಹಸು ನೋವಿನಿಂದ ಏಳಲಾರದೆ ಬಿದ್ದಿದ್ದರೆ ಅವರು ಕಾಯದೆ ಕೊಡಬಹುದು.

4. ತುಂಬು ಗಬ್ಬದ ಹಸುವಿಗೆ ಬೇರೆ ಯಾವುದೇ ಕಾಯಿಲೆಗೆ ಚಿಕಿತ್ಸೆ ಕೊಡಿಸುವಾಗ ಗರ್ಭಧಾರಣೆ ಮಾಡಿಸಿದ ತಾರೀಖನ್ನು ಮೊದಲು ಹೇಳಿ. ಕೊಟ್ಟಿಗೆಯ ಗೋಡೆಯ ಮೇಲಾದರೂ ಸರಿ, ಪುಸ್ತಕದಲ್ಲಾದರೂ ಸರಿ, ಆ ತಾರೀಖು ಬರೆದಿಟ್ಟಿರಬೇಕು.

5. ಮದ್ದು ಕೊಟ್ಟ ಮೇಲೆ ಎಷ್ಟು ದಿನ ಹಾಲನ್ನು ಮಾರಬಾರದು ಎಂಬುದನ್ನು ಕೇಳಿ ತಿಳಿದು, ಹಾಗೆಯೇ ನಡೆದುಕೊಳ್ಳಿ.

ಇನ್ನೆರಡು ಇಂಜೆಕ್ಷನ್‌ಗಳ ವಿಷಯ

ನೋವಿನ ಮದ್ದೆಂದು ಕೆಲವೆಡೆ ಡೆಕ್ಸಾಮೆಥಾಸೋನ್ ಕೊಡುವುದುಂಟು. ಇದು ಸ್ಟೀರಾಯ್ಡ್ ಜಾತಿಯ ಮದ್ದು. ಮೇಲೆ ಹೇಳಿದ ಕರುವಿನ ಕಾರ್ಟಿಸೋಲ್‌ನಂತೆಯೇ ಇದು ಕೆಲಸ ಮಾಡುವುದರಿಂದ, ಗಬ್ಬದ ಕೊನೆಯ ತಿಂಗಳುಗಳಲ್ಲಿ ಕೊಟ್ಟರೆ ಹಸು ದಿನ ತುಂಬುವ ಮೊದಲೇ ಈಯಬಹುದು. ಹಾಗೆ ಈದ ಹಸುಗಳಲ್ಲಿ ಕಸ ಉಳಿಯುವುದು ಬಹಳ ಸಾಮಾನ್ಯ. ಗಬ್ಬದ ಹಸುವಿಗೆ ಯಾರೇ ಸೂಜಿ ಚುಚ್ಚಲು ಬಂದರೂ ಸೀಸೆಯ ಮೇಲಿನ ಹೆಸರು ಓದಿ, ಬರೆದಿಟ್ಟುಕೊಳ್ಳಿ.

ಎರಡನೆಯದು ಆಕ್ಸಿಟೋಸಿನ್. ನೋವಿನ ಮದ್ದಿನಿಂದ ಬೇನೆ ಕುಂದಿದ್ದರೆ ಆಕ್ಸಿಟೋಸಿನ್ ಕೊಟ್ಟು ಸರಿಪಡಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಅದು ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ಅಲ್ಲದೆ ಗರ್ಭಕೋಶದ ಬಾಯಿ ತೆರೆಯದಿರುವಾಗ, ಅಥವಾ ಕರು ಅಡ್ಡ ತಿರುಗಿರುವಾಗ ಅದನ್ನು ಕೊಟ್ಟರೆ ಗರ್ಭಕೋಶವೇ ಹರಿದುಹೋಗುವ ಅಪಾಯವಿದೆ. ಕೈಹಾಕಿ ಪರೀಕ್ಷಿಸದೆ ಆಕ್ಸಿಟೋಸಿನ್ ಕೊಡತಕ್ಕದ್ದಲ್ಲ.

ಬೇನೆ ಕುಂದಲು ಮದ್ದೊಂದೇ ಕಾರಣವಲ್ಲ ಎಂಬುದನ್ನೂ ತಿಳಿದಿರಬೇಕು. ಹೆಚ್ಚು ಹಾಲು ಕೊಡುವ, ಮೂರು ನಾಲ್ಕು ಸೂಲು ಕಂಡ ಹಸುಗಳಲ್ಲಿ ರಕ್ತದ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಈಯುವ ಹೊತ್ತಿಗೆ ಇಳಿಯುತ್ತದೆ. ಕ್ಯಾಲ್ಸಿಯಂ ಇಲ್ಲದೆ ಯಾವ ಸ್ನಾಯುವೂ ಸಂಕುಚಿಸದು. ಕಿವಿ ತಣ್ಣಗಾಗಿ, ಕತ್ತು ಪಕ್ಕೆಗೆ ತಿರುಗಿಸಿ ಮಲಗಿದ ಹಸು ‘ಸುಸ್ತಾಗಿದೆ’ ಎಂದು ಬಿಡಬೇಡಿ, ಅದು ಹಾಲುಜ್ವರವಿರಬಹುದು. ಅದಕ್ಕೆ ಬೇಕಾದದ್ದು ಕ್ಯಾಲ್ಸಿಯಂ, ನೋವಿನ ಮದ್ದಲ್ಲ.

ನಿಷೇಧವಾಗಿರುವ ಮದ್ದುಗಳು

ಡೈಕ್ಲೋಫೆನಾಕ್ ಅನ್ನು ಪಶುಗಳಿಗೆ ಬಳಸುವುದನ್ನು ಭಾರತ ಸರ್ಕಾರ 2006ರಲ್ಲಿಯೇ ನಿಲ್ಲಿಸಿತು. ಈ ಮದ್ದು ಪಡೆದು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ ಎಂಬುದು 2004ರಲ್ಲಿ ಪತ್ತೆಯಾಗಿತ್ತು. ಆ ವೇಳೆಗಾಗಲೇ ನಮ್ಮ ದೇಶದ ಮುಖ್ಯ ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಅಳಿದುಹೋಗಿದ್ದವು. ಉಳಿದ ಕೆಲವನ್ನು ಕಾಪಾಡಲೆಂದು ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಿಸಲಾಯಿತು. ಮನುಷ್ಯರಿಗಾಗಿ ತಯಾರಾಗುವ ದೊಡ್ಡ ಸೀಸೆಗಳು ದನಗಳಿಗೆ ಬಳಕೆಯಾಗುತ್ತಿದ್ದುದರಿಂದ 2015ರಲ್ಲಿ ಡೈಕ್ಲೋಫೆನಾಕ್ ಸೀಸೆಯ ಗಾತ್ರವನ್ನು 3 ಮಿಲಿಗೆ ಮಿತಿಗೊಳಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಮದ್ದುಗಳನ್ನೂ, 2024ರ ಡಿಸೆಂಬರಿನಲ್ಲಿ ನಿಮೆಸುಲೈಡ್ ಅನ್ನೂ ಪಶುಬಳಕೆಗೆ ನಿಷೇಧಿಸಲಾಯಿತು. ರಣಹದ್ದುಗಳಿಗೆ ಹಾನಿ ಮಾಡವೆಂದು ಪರೀಕ್ಷೆಯಲ್ಲಿ ತಿಳಿದಿರುವವು ಮೆಲಾಕ್ಸಿಕಾಂ ಮತ್ತು ಟಾಲ್ಫೆನಮಿಕ್ ಆಮ್ಲ. ಔಷಧದ ಅಂಗಡಿಯಿಂದ ಮನುಷ್ಯರ ನೋವಿನ ಇಂಜೆಕ್ಷನ್ ತಂದು ದನಕ್ಕೆ ಹಾಕುವ ಅಭ್ಯಾಸವನ್ನು ಪೂರ್ತಿಯಾಗಿ ಬಿಡಬೇಕು.

ಈಯುವ ಹೊತ್ತಿನಲ್ಲಿ ನೀವು ಮಾಡಬೇಕಾದ್ದು

ದೂರದಲ್ಲಿ ನಿಂತು ಗಮನಿಸಿ, ಗುಂಪು ಸೇರಬೇಡಿ. ಗಾಬರಿಯಾದ ಹಸುವಿನಲ್ಲಿ ಬೇನೆ ತಾನಾಗಿಯೇ ಕುಂದುತ್ತದೆ. ನೀರಿನ ಚೀಲ ಕಂಡ ಹೊತ್ತನ್ನು ಗಡಿಯಾರ ನೋಡಿ ಗುರುತಿಸಿಕೊಳ್ಳಿ. ಆಮೇಲೆ ಒಂದು ಗಂಟೆಯಾದರೂ ಕರುವಿನ ಕಾಲು ಕಾಣದಿದ್ದರೆ, ಅಥವಾ ಕಾಲು ಕಂಡು ಅರ್ಧ ಗಂಟೆಯಾದರೂ ಮುಂದಕ್ಕೆ ಬಾರದಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962 ಸಂಖ್ಯೆಗೆ ಕರೆ ಮಾಡಬಹುದು. ಸಹಜವಾದ ಭಂಗಿಯಲ್ಲಿ ಎರಡು ಮುಂಗಾಲು, ಅವುಗಳ ಮೇಲೆ ಮೂತಿ ಕಾಣಬೇಕು. ಒಂದೇ ಕಾಲು, ಬಾಲ ಅಥವಾ ಕಾಲಿಲ್ಲದೆ ತಲೆ ಮಾತ್ರ ಕಂಡರೆ ಎಳೆಯಬೇಡಿ.

ಕಸ ಬೀಳದಿದ್ದರೆ ಅದಕ್ಕೆ ಕಲ್ಲು, ಹಳೆಯ ಚಪ್ಪಲಿ ಮುಂತಾದ ಭಾರ ಕಟ್ಟುವ ರೂಢಿ ಹಲವೆಡೆ ಇದೆ. ಇದರಿಂದ ಕಸ ಹರಿದು ಒಳಗೆ ತುಂಡು ಉಳಿಯುತ್ತದೆ, ಗರ್ಭಕೋಶವೇ ಹೊರಬೀಳಲೂಬಹುದು. ಬಲವಂತವಾಗಿ ಕೈಹಾಕಿ ಕಿತ್ತರೆ ಒಳಗೋಡೆ ಗಾಯವಾಗುತ್ತದೆ. ನೆಲಕ್ಕೆ ತಾಗುವಂತೆ ಜೋಲುತ್ತಿದ್ದರೆ ಹಿಂಗಾಲಿನ ಮಂಡಿಯ ಮಟ್ಟಕ್ಕೆ ಕತ್ತರಿಸಿ, ಹಿಂಭಾಗವನ್ನು ಶುಚಿಯಾಗಿಡಿ. ದಿನಕ್ಕೆರಡು ಬಾರಿ ಜ್ವರ ನೋಡಿ. 103 ಡಿಗ್ರಿ ಫ್ಯಾರನ್‌ಹೀಟ್ ಮೀರಿದರೆ, ಮೇವು ಬಿಟ್ಟರೆ, ಕೆಟ್ಟ ವಾಸನೆಯ ಸ್ರಾವ ಕಂಡರೆ ಚಿಕಿತ್ಸೆ ಬೇಕೇ ಬೇಕು. ಬಿದ್ದ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಕಸದಿಂದ ಮನುಷ್ಯರಿಗೂ ಅಂಟುತ್ತದೆ. ಕೈಗವಸು ಹಾಕಿ ಎತ್ತಿ, ನಾಯಿ ಕೆದಕದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ.

ಮನೆಯ ಹೆಣ್ಣುಮಕ್ಕಳಿಗೆ ಒಂದು ಮಾತು

ದನಕ್ಕೆ ಹೇಳಿದ ಈ ತತ್ವ ಮನುಷ್ಯರಿಗೂ ಅನ್ವಯಿಸುತ್ತದೆ. ಮುಟ್ಟಿನ ಹೊಟ್ಟೆನೋವಿಗೆ ವೈದ್ಯರು ಮೆಫನಮಿಕ್ ಆಮ್ಲ, ಐಬುಪ್ರೊಫೆನ್ ಮುಂತಾದ ಮಾತ್ರೆ ಕೊಡುತ್ತಾರೆ. ಗರ್ಭಕೋಶದ ಅತಿಯಾದ ಹಿಂಡುವಿಕೆಯನ್ನು ಅವು ತಗ್ಗಿಸುವುದರಿಂದಲೇ ನೋವು ಇಳಿಯುತ್ತದೆ. ಅಲ್ಲಿ ಗುಣವಾಗಿರುವುದು ಬಸಿರಿನಲ್ಲಿ ದೋಷವಾಗಬಹುದು. ಐದು ತಿಂಗಳ ನಂತರ ಇಂಥ ಮಾತ್ರೆಗಳಿಂದ ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಿ ಮಗುವಿನ ಸುತ್ತಲ ನೀರು ಕಡಿಮೆಯಾಗಬಹುದು. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಬಳಿಯ ರಕ್ತನಾಳ ಹೊತ್ತಿಗೆ ಮುಂಚೆ ಮುಚ್ಚಬಹುದು, ಹೆರಿಗೆಯೂ ತಡವಾಗಬಹುದು. ಬಸುರಿಯರು ಸೊಂಟನೋವು, ಕಾಲುನೋವು ಎಂದು ಅಂಗಡಿಯಿಂದ ಮಾತ್ರೆ ತಂದು ನುಂಗಬಾರದು. ಆರೋಗ್ಯ ಕೇಂದ್ರದಲ್ಲಿ ಕೇಳಬೇಕು. ವೈದ್ಯರೇ ಬಸಿರಿನಲ್ಲಿ ಸಣ್ಣ ಪ್ರಮಾಣದ ಆಸ್ಪಿರಿನ್ ಬರೆದುಕೊಟ್ಟಿದ್ದರೆ ಅದನ್ನು ತಾವಾಗಿ ನಿಲ್ಲಿಸಲೂ ಬಾರದು.

ಭಾಷಣದ ನಂತರ ಕೇಳಿದ ಕೆಲವು ಪ್ರಶ್ನೆಗಳು

ಪ್ರಶ್ನೆ: ಎಮ್ಮೆಗೂ ಇದೇ ನಿಯಮವೇ?
ಉತ್ತರ: ಹೌದು. ಎಮ್ಮೆಯ ಹೆರಿಗೆಯಲ್ಲೂ ಪ್ರೊಸ್ಟಾಗ್ಲಾಂಡಿನ್ ಮತ್ತು ಆಕ್ಸಿಟೋಸಿನ್‌ಗಳದೇ ಕೆಲಸ. ಎಮ್ಮೆಗಳಲ್ಲಿ ಬೆದೆ ಗುರುತಿಸುವುದೇ ಕಷ್ಟವಾದ್ದರಿಂದ, ಕಸ ಉಳಿದು ಗರ್ಭಕೋಶ ಕೆಟ್ಟರೆ ಆಗುವ ನಷ್ಟ ಇನ್ನೂ ಹೆಚ್ಚು.

ಪ್ರಶ್ನೆ: ಈಯುವ ಹಿಂದಿನ ದಿನ ಹಸುವಿಗೆ 105 ಡಿಗ್ರಿ ಜ್ವರ ಬಂದರೆ ಏನು ಮಾಡುವುದು? ಮದ್ದು ಕೊಡದೆ ಬಿಡುವುದೇ?
ಉತ್ತರ: ಬಿಡಬಾರದು. ಅಷ್ಟು ಜ್ವರವೂ ಕರುವಿಗೆ ಅಪಾಯ. ಮೈಮೇಲೆ ತಣ್ಣೀರು ಹಾಕಿ, ನೆರಳಿನಲ್ಲಿ ಕಟ್ಟಿ, ಪಶುವೈದ್ಯರಿಗೆ ‘ನಾಳೆ ನಾಡಿದ್ದರಲ್ಲಿ ಈಯುತ್ತದೆ’ ಎಂದು ತಿಳಿಸಿ. ಜ್ವರದ ಕಾರಣ ಹುಡುಕಿ, ಎರಡು ಅಪಾಯಗಳನ್ನೂ ತೂಗಿ ನೋಡಿ, ಯಾವ ಮದ್ದು ಎಂದು ಅವರು ತೀರ್ಮಾನಿಸುತ್ತಾರೆ. ಕೊಟ್ಟರೆ, ಹೆರಿಗೆಯ ಹೊತ್ತಿಗೆ ನೀವು ಹತ್ತಿರವೇ ಇದ್ದು ಹೆಚ್ಚು ಗಮನ ಕೊಡಬೇಕು.

ಪ್ರಶ್ನೆ: ಈಗಾಗಲೇ ನೋವಿನ ಇಂಜೆಕ್ಷನ್ ಹಾಕಿಸಿದ್ದೇವೆ, ಹಸುವಿಗೆ ಬೇನೆ ಬಂದಿದೆ. ಇನ್ನೇನು ದಾರಿ?
ಉತ್ತರ: ಹೆದರಬೇಡಿ. ಮದ್ದು ಪಡೆದ ಹಸುಗಳೆಲ್ಲ ತೊಂದರೆಗೆ ಸಿಲುಕುವುದಿಲ್ಲ. ಸಂಭವ ಹೆಚ್ಚುತ್ತದೆ, ಅಷ್ಟೆ. ಮದ್ದಿನ ಹೆಸರು, ಕೊಟ್ಟ ಹೊತ್ತು ಬರೆದಿಟ್ಟು ಪಶುವೈದ್ಯರಿಗೆ ಮೊದಲೇ ಸುದ್ದಿ ಮುಟ್ಟಿಸಿ. ಹೆರಿಗೆ ತಡವಾದರೆ ಕಾಯುತ್ತ ಕೂರದೆ ಬೇಗ ಸಹಾಯ ಪಡೆಯಿರಿ.

ಪ್ರಶ್ನೆ: ವಿಸ್ತರಣಾ ಕಾರ್ಯಕರ್ತರಾಗಿ ನಾವೇನು ಮಾಡಬಹುದು?
ಉತ್ತರ: ನಿಮ್ಮ ವ್ಯಾಪ್ತಿಯ ಗಬ್ಬದ ದನಗಳ ಪಟ್ಟಿಯನ್ನು ಹಾಲಿನ ಸಂಘದಲ್ಲಿ ಇಟ್ಟು, ಈಯುವ ತಿಂಗಳನ್ನು ಗುರುತು ಮಾಡಿ. ಆ ತಿಂಗಳು ಮನೆಗೆ ಹೋದಾಗ ಎರಡೇ ಮಾತು ಹೇಳಿ: ಬೇನೆಯ ಹೊತ್ತಿಗೆ ನೋವಿನ ಸೂಜಿ ಬೇಡ, ನೀರಿನ ಚೀಲ ಕಂಡ ಹೊತ್ತು ಗುರುತಿಡಿ.

ರೈತ ಬಾಂಧವರೇ, ಮದ್ದು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಬಹುಪಾಲು ಹೊತ್ತು ನಿರ್ಧರಿಸುತ್ತದೆ. ಬಿತ್ತನೆಗೆ ಹದ ನೋಡುವವರು ನೀವು. ಈ ಮಾತನ್ನು ನಿಮಗೆ ವಿವರಿಸಿ ಹೇಳಬೇಕಾಗಿಲ್ಲ. ಕರು ನೆಲಕ್ಕೆ ಬಂದು ಕಸ ಬೀಳುವವರೆಗೆ ಹಸುವಿನ ಬೇನೆಗೆ ಅದರ ಕೆಲಸ ಮಾಡಲು ಬಿಡಿ. ಆಮೇಲೂ ಉಳಿಯುವ ನೋವಿಗೆ ತಕ್ಕ ಮದ್ದಿದೆ. ಅದನ್ನು ಪಶುವೈದ್ಯರನ್ನು ಕೇಳಿ ಧಾರಾಳವಾಗಿ ಕೊಡಿಸಿ.